ಹದಿನಾರು ಅಮಾವಾಸ್ಯೆಯ ದಾರ

ಅಂಬ್ರಪ್ಪನ ಬಲಗಿವಿ ನಲವತ್ತಕ್ಕೇ ಹೋಯಿತು. ಗರಗಸದ ಕಡೆಗಿದ್ದ ಕಿವಿ ಅದು. ಯಾದಗಿರಿ ಸ್ಟೇಷನ್ನಿನ ಆಚೆ, ರೈಲುಹಳಿಗೆ ಬೆನ್ನು ಮಾಡಿ ನಿಂತ ಭಗವಂತರಾಯರ, ಕಟ್ಟಿಗೆ ಕೊಯ್ಯುವ ಆರಾ ಮಿಲ್ಲಿನಲ್ಲಿ ಅವನು ಆ ಕಿವಿಯನ್ನು ಚಕ್ರಕ್ಕೆ ಕೊಟ್ಟುಕೊಂಡೇ ಆಯುಷ್ಯ ಕಳೆದ. ಮಿಲ್ಲು ದೊಡ್ಡದೇನಲ್ಲ. ತಗಡಿನ ಒಂದು ಚಪ್ಪರ, ಒಂದು ಎಣ್ಣೆ ಎಂಜಿನ್ನು, ಒಂದು ಚರ್ಮದ ಪಟ್ಟಾ, ಎದೆಯೆತ್ತರದ ಒಂದು ಉಕ್ಕಿನ ಚಕ್ರ, ಅದರ ಸುತ್ತ ಹಲ್ಲು. ದಿಮ್ಮಿಯನ್ನು ಗಾಡಿಗೆ ಬಿಗಿದು, ಹಳಿಯ ಮೇಲೆ ಚಕ್ರದತ್ತ ನೂಕಿದರೆ ಅದು ಹಲಗೆಯಾಗಿ ಆಚೆ ಬೀಳುತ್ತಿತ್ತು.

ಅವನು ದೋರನಹಳ್ಳಿಯ ಕುರಿಗಾರರ ಮನೆಯವನು. ಒಂದು ಮಳೆಗಾಲದಲ್ಲಿ ಕುರಿಗಳಿಗೆ ಬ್ಯಾನಿ ರೋಗ ಬಂದು ಹನ್ನೊಂದು ದಿನದಲ್ಲಿ ಹಟ್ಟಿ ಖಾಲಿಯಾಯಿತು. ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಯಾದಗಿರಿಗೆ ನಡೆದು ಬಂದವನಿಗೆ ಮಿಲ್ಲಿನಲ್ಲಿ ಗಾಡಿ ನೂಕುವ ಕೆಲಸ ಸಿಕ್ಕಿತು. ಮೊದಲ ದಿನ ಚಕ್ರ ಬೇವಿನ ದಿಮ್ಮಿಯೊಳಗೆ ಹೊಕ್ಕು ಕಿರುಚಿದಾಗ ಅವನು ಎರಡೂ ಕಿವಿ ಮುಚ್ಚಿಕೊಂಡ. ಆ ಕೈಗಳನ್ನು ಹಿಡಿದು ಕೆಳಗಿಳಿಸಿದವನು ವಹಾಬ.

"ಕುರಿ ಒದರಿದ್ರ ಕಿವಿ ಮುಚ್ಕೋತಿದ್ಯಾ? ಕೇಳು. ಹಸದದೋ, ಮುಳ್ಳ ಚುಚ್ಚೇದೋ, ದನಿ ಮ್ಯಾಲ ತಿಳೀತದ."

ವಹಾಬ ಚಕ್ರದ ವೈದ್ಯ. ಕಾನಸಿನಿಂದ ಹಲ್ಲು ತೀಡುವುದು, ವರ್ಷಕ್ಕೆರಡು ಸಲ ಚಕ್ರವನ್ನು ಬಿಚ್ಚಿ ಕಲ್ಲಿನ ಮೇಲೆ ಮಲಗಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಅದರ ಬಿಗಿ ಸರಿಮಾಡುವುದು ಅವನ ಕೆಲಸ. ಬಡಿಯುವಾಗ ಅವನ ಮುಖ ಮಗುವಿನ ಮೈ ಮುಟ್ಟಿ ಜ್ವರ ನೋಡುವವನ ಹಾಗೆ ಆಗುತ್ತಿತ್ತು. ಹಲ್ಲು ತೀಡುವ ಕೆಲಸ ಮುಗಿಸಿಕೊಳ್ಳಲು ದಿನವೂ ಎಲ್ಲರಿಗಿಂತ ಮೊದಲು ಮಿಲ್ಲಿಗೆ ಬರುತ್ತಿದ್ದ. ಅಂಬ್ರಪ್ಪನಿಗಿಂತ ಹತ್ತು ವರ್ಷ ದೊಡ್ಡವನು. ಒಬ್ಬ ಗರಗಸದ ಮುಂದೆ, ಒಬ್ಬ ಹಿಂದೆ, ಹದಿನಾಲ್ಕು ವರ್ಷ ಹಾಗೆಯೇ ನಡೆಯಿತು.

ಅಮಾವಾಸ್ಯೆಗೆ ಮಿಲ್ಲು ನಿಲ್ಲುತ್ತಿತ್ತು. ಅವತ್ತು ಚಕ್ರಕ್ಕೆ ಪೂಜೆ. ಅದನ್ನು ಮಾಡುತ್ತಿದ್ದವನು ಅಂಬ್ರಪ್ಪನೇ. ಚಕ್ರದ ಮೇಲೆ ಕಂಪನಿಯ ಮುದ್ರೆಯೊಂದಿತ್ತು. ಚಕ್ರವನ್ನು ತಿರುಗಿಸಿ ಆ ಮುದ್ರೆ ಮೇಲೆ ಬರುವಂತೆ ನಿಲ್ಲಿಸಿ, ಅಲ್ಲಿಗೇ ವಿಭೂತಿ, ಅಲ್ಲಿಗೇ ಕುಂಕುಮ. ಆಮೇಲೆ ಅರಿಷಿಣದಲ್ಲಿ ಅದ್ದಿದ ದಾರ. ಮೊದಲೆಲ್ಲ ಆ ದಾರವನ್ನು ಬರೀ ಅಚ್ಚಿಗೆ ಸುತ್ತುತ್ತಿದ್ದರು. ಅಂಬ್ರಪ್ಪ ಸೇರಿದ ಮೊದಲ ವರ್ಷ ಒಂದು ದಿನ ಚಕ್ರದ ರಭಸಕ್ಕೆ ದಾರ ಬಿಚ್ಚಿ ಹಾರಿಹೋಯಿತು. ಅವತ್ತೇ ಮಧ್ಯಾಹ್ನ ಸುರಪುರ ಕಡೆಯ ಯಂಕಣ್ಣನೆಂಬ ಆಳಿನ ಬೆರಳು ಹೋಯಿತು. ಅಂದಿನಿಂದ ಅಂಬ್ರಪ್ಪ ಒಂದು ಪದ್ಧತಿ ಮಾಡಿದ. ಚಕ್ರವನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುವ ಎರಡು ಉಕ್ಕಿನ ಬಿಲ್ಲೆಗಳಿದ್ದವು. ಅವುಗಳ ದೊಡ್ಡ ನಟ್ಟನ್ನು ಎರಡು ಸುತ್ತು ಸಡಿಲಿಸಿ, ಬಿಲ್ಲೆಗೂ ಚಕ್ರಕ್ಕೂ ನಡುವೆ ದಾರವನ್ನು ತೂರಿಸಿ, ಗಂಟು ಮುದ್ರೆಯ ಕೆಳಗೆ ಬರುವಂತೆ ಇಟ್ಟು, ಮತ್ತೆ ಬಿಗಿಯುವುದು. ಹಾಗಾದರೆ ದಾರ ಹಾರುವುದಿಲ್ಲ. ಮರುದಿನ ನೋಡಿದರೆ ದಾರ ಕಾಣುತ್ತಿರಲಿಲ್ಲ. ಚಕ್ರ ತಿಂದುಕೊಂಡಿತು, ದೇವರಿಗೆ ಸಂದಿತು ಎಂದು ಅವನ ನಂಬಿಕೆ. ಅಲ್ಲಿಂದಾಚೆ ಮಿಲ್ಲಿನಲ್ಲಿ ಯಾರ ಬೆರಳೂ ಹೋಗಲಿಲ್ಲ.

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಐದು ದಿನದಲ್ಲಿ ಮುಗಿಯಿತು. ಮುಗಿದ ಮೇಲಿನ ದಿನಗಳು ಆ ಐದು ದಿನಕ್ಕಿಂತ ಉದ್ದವಾಗಿದ್ದವು. ರಜಾಕಾರರ ಮೇಲಿನ ಹಳೆಯ ಸಿಟ್ಟು ಊರೂರಿನಲ್ಲಿ ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ತಿರುಗಿತ್ತು. ವಹಾಬ ಯಾರ ಗೊಡವೆಗೂ ಹೋದವನಲ್ಲ, ಆದರೂ ಭಗವಂತರಾಯರು ಅವನನ್ನು, ಅವನ ಹೆಂಡತಿ ಹುಸೇನಬಿಯನ್ನು ಮಿಲ್ಲಿನ ಹಿಂದಿನ ಖೋಲಿಯಲ್ಲಿ ಇರಿಸಿಕೊಂಡರು. ಅದನ್ನು ಮರೆಯಬಾರದು. ಕಾವಲಿಗೆಂದು ಅಂಬ್ರಪ್ಪನೂ ಮರದ ರಾಶಿಯ ಪಕ್ಕದಲ್ಲೇ ಮಲಗುತ್ತಿದ್ದ.

ಮಹಾನವಮಿ ಅಮಾವಾಸ್ಯೆಯ ಪೂಜೆ ಎಂದಿನಂತೆ ಆಯಿತು. ಮರುದಿನ ಬೆಳ್ಳಂಬೆಳಿಗ್ಗೆ ಅಂಬ್ರಪ್ಪ ಎದ್ದು ಬಂದಾಗ ವಹಾಬ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ನಟ್ಟು ತಿರುಗಿಸುವ ಪಾನಾ, ಪಕ್ಕದಲ್ಲಿ ಗ್ಯಾಸೆಣ್ಣೆಯಲ್ಲಿ ನೆನೆಸಿದ ಒರೆಸುವ ಅರಿವೆ. ನಟ್ಟು ಸಡಿಲಾಗಿತ್ತು.

"ಏನ ಮಾಡಾಕತ್ತಿ ವಹಾಬಣ್ಣ, ಇಷ್ಟ ಲಗೂನ?"

ವಹಾಬ ಬೆಚ್ಚಿದ. "ಎಣ್ಣಿ ಬಿಡಾಕತ್ತೀನಿ" ಎಂದು ಗಡಬಡಿಸಿ ನಟ್ಟನ್ನು ತಿರುಗಿಸಿ ಬಿಗಿದ.

ಆವತ್ತಿನ ಮೊದಲ ದಿಮ್ಮಿಯೇ ಸೊಟ್ಟ ಕೊಯ್ದಿತು. ಹಲಗೆಯ ಒಂದು ತುದಿ ದಪ್ಪ, ಒಂದು ತುದಿ ತೆಳು, ನಡುವೆ ಅಲೆ ಅಲೆ. ಕಟ್ಟಿಗೆ ಉಜ್ಜಿ ಸುಟ್ಟ ವಾಸನೆ ಬಂತು. ಬಾಗಿಲಿನ ಚೌಕಟ್ಟಿಗೆ ಕಟ್ಟಿಗೆ ಒಯ್ಯಲು ಬಂದ ಊರಿನ ನಾಲ್ವರು ಅಲ್ಲೇ ನಿಂತಿದ್ದರು. ಭಗವಂತರಾಯರು ಹಲಗೆ ಎತ್ತಿ ಒಂದು ಕಣ್ಣು ಮುಚ್ಚಿ ನೋಡಿದರು.

"ಮೊನ್ನಿ ಮಟ ನೆಟ್ಟಗಿತ್ತಲ್ಲೋ! ಯಾರ ಮುಟ್ಯಾರ ಇದನ್ನ?"

"ಯಾರೂ ಇಲ್ರಿ ಸಾವಕಾರ್ರ" ಎಂದ ಅಂಬ್ರಪ್ಪ. "ಮುಂಜಾನಿ ವಹಾಬಣ್ಣ ನಟ್ಟ ಸಡಲ ಮಾಡಿದ್ದ. ಅಷ್ಟ."

ಅವನು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಕಂಡದ್ದನ್ನು ಹೇಳಿದ. ಆದರೆ ಆ ವಾರ ಯಾದಗಿರಿಯಲ್ಲಿ ಕಂಡದ್ದನ್ನು ಹೇಳುವುದೂ ಒಂದು ಏಟು ಹಾಕಿದ ಹಾಗಿತ್ತು.

"ಕೇಳಿದ್ರೇನು? ಹೋಗೂ ಮುಂದ ಚಕ್ರಾ ಕೆಡಿಸಿ ಹೊಂಟಾನ ಸಾಬ" ಎಂದ ನಾಲ್ವರಲ್ಲೊಬ್ಬ.

"ಅದು ದಾರ..." ಎಂದು ವಹಾಬ ಬಾಯಿ ತೆರೆದ. ನಾಲ್ವರ ಮುಖ ನೋಡಿದ. ಚಕ್ರದ ಮೇಲಿನ ಕುಂಕುಮ ನೋಡಿದ. ಬಾಯಿ ಮುಚ್ಚಿಕೊಂಡ.

ಆ ನಾಲ್ವರು ಎರಡು ದಿನ ಅವನನ್ನು ಒಂದು ಹತ್ತಿ ಗೋದಾಮಿನಲ್ಲಿ ಕೂಡಿಹಾಕಿದರು. ಮೂರನೆಯ ದಿನ ಹೊರಬಂದಾಗ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಹುಸೇನಬಿ ಎರಡು ಗಂಟು ಕಟ್ಟಿದಳು. ಬಂಡಿಯೊಂದರಲ್ಲಿ ಅವರು ಶಹಾಪುರದ ಕಡೆ ಹೋದರು. ಅಂಬ್ರಪ್ಪ ಮರದ ರಾಶಿಯ ಹಿಂದೆ ನಿಂತು ಬಂಡಿ ಹೋಗುವುದನ್ನು ನೋಡಿದ, ಮುಂದೆ ಬರಲಿಲ್ಲ.

ಅಲ್ಲಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಮಿಲ್ಲು ಕುಂಟಿತು. ಗಾಡಿಯನ್ನು ಬಸವನಹುಳದ ಹಾಗೆ ನೂಕಿದರೆ ಹಲಗೆ ಹೇಗೋ ಬರುತ್ತಿತ್ತು. ತುಸು ಜೋರು ಮಾಡಿದರೆ ಸೊಟ್ಟ. ತಿಂಗಳು ಕಳೆದಂತೆ ಓಲಾಟ ಹೆಚ್ಚುತ್ತಲೇ ಹೋಯಿತು. ಹಲಗೆ ಒಯ್ಯುತ್ತಿದ್ದ ಬಡಿಗ ಮೋನಪ್ಪ ದಿನಕ್ಕೊಂದು ಮಾತು ಒಗೆಯುತ್ತಿದ್ದ.

"ಅಂಬ್ರಪ್ಪ, ಇದು ಹಲಗಿಯೋ ಹಾವೋ? ಬಾಗಲಾ ಮಾಡಂತಾರ, ನಾ ಏನ ಪುಂಗಿ ಊದಲೇನು?"

ಕೊನೆಗೆ ಅದೇ ಮಾತು ಬರುತ್ತಿತ್ತು: "ಆ ಸಾಬ ಹೋಗ್ತಾ ಹೋಗ್ತಾ ಛಲೋ ಉಡುಗೊರಿ ಕೊಟ್ಟಾನ ನೋಡು ನಿಮಗ."

ಅಮಾವಾಸ್ಯೆ ಬಂದಾಗಲೆಲ್ಲ ಅಂಬ್ರಪ್ಪ ಇನ್ನೂ ಭಕ್ತಿಯಿಂದ ಪೂಜೆ ಮಾಡಿದ. ದಾರಕ್ಕೆ ಅರಿಷಿಣ ಜಾಸ್ತಿ ಹಚ್ಚಿದ.

ಮನೆಯಲ್ಲಿ ಹೆಂಡತಿ ರೇಣಮ್ಮ ಒಂದು ದಿನ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಅಂವ ಕೆಡಿಸ್ಯಾನಂತ ನಿನ್ನ ಮನಸಿಗಿ ಅನಸ್ತದೇನು?"

"ಇಲ್ಲ."

"ಮತ್ತ? ನಿನ್ನ ಬಾಯಾಗಿಂದ ಬಿದ್ದ ಮಾತು, ನೀನ ಬಗ್ಗಿ ಎತ್ತಬೇಕು. ಊರ ಮಂದಿ ಎತ್ತಿ ಕೊಡಾಂಗಿಲ್ಲ."

ಮರುವರ್ಷದ ಎಳ್ಳ ಅಮಾವಾಸ್ಯೆ ಆದ ವಾರ ಭಗವಂತರಾಯರು ಹೊಸ ಚಕ್ರ ತರಿಸುತ್ತೇನೆ, ಇದನ್ನು ಗುಜರಿಗೆ ಹಾಕು ಎಂದರು. ಅಂಬ್ರಪ್ಪ ಗಾಡಿ ನಿಲ್ಲಿಸಿದ. ಚಕ್ರ ಗುಜರಿಗೆ ಹೋದರೆ ವಹಾಬನ ಮೇಲಿನ ಮಾತು ಎಂದೆಂದಿಗೂ ಅಲ್ಲೇ ನಿಂತಿತು.

"ಸಾವಕಾರ್ರ, ಚಕ್ರದ ತಪ್ಪಲ್ಲ ಅಂತ ನಾ ತೋರಿಸಿದ್ರ?"

ಭಗವಂತರಾಯರು ಅವನತ್ತ ತಿರುಗಿದರು. "ತೋರಸು. ಮೂರ ದಿನ ಕೊಟ್ಟೀನಿ. ತೋರಿಸಿದ್ರ ವಹಾಬನ್ನ ನಾನ ಕರಸ್ತೀನಿ, ಹೋಗು. ಮಾತಿಗೆ ಮಾತು."

ಮೊದಲ ದಿನ ಅವನು ಹಳಿಗಳನ್ನು ನೋಡಿದ. ತುದಿಯಿಂದ ತುದಿಗೆ ನೂಲು ಜಗ್ಗಿ, ನೀರು ತುಂಬಿದ ತಟ್ಟೆ ಇಟ್ಟು ಮಟ್ಟ ಹಿಡಿದ. ಒಂದು ಕಡೆ ಮರದ ಅಡ್ಡಪಟ್ಟಿ ಕೊಳೆತು ಹಳಿ ಅರ್ಧ ಬೆರಳು ತಗ್ಗಿತ್ತು. ಅದನ್ನು ಎತ್ತಿ ಹೊಸ ಪಟ್ಟಿ ಕೊಟ್ಟ. ಹಲಗೆ ಸೊಟ್ಟವೇ ಬಂತು. ಎರಡನೆಯ ದಿನ ಹಲ್ಲು. ಒಂದೊಂದೇ ಹಲ್ಲು ಎಣಿಸಿ, ಕುರಿಯ ಬಾಯಿ ಬಿಡಿಸಿ ವಯಸ್ಸು ನೋಡುವವನಂತೆ ನೋಡಿದ. ಎಡಕ್ಕೆ ಬಾಗಿದವು ತುಸು ಮೊಂಡಾಗಿದ್ದವು. ತೀಡಿದ. ಅಚ್ಚನ್ನು ಹೊತ್ತ ಬೇರಿಂಗಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದ. ಬಿಸಿಯಿರಲಿಲ್ಲ. ಹಲಗೆ ಸೊಟ್ಟವೇ ಬಂತು.

ಮೂರನೆಯ ದಿನ ಒಂದು ಇದ್ದಿಲ ತುಂಡನ್ನು ಚೌಕಟ್ಟಿಗೆ ಕಟ್ಟಿ, ಅದರ ಮೊನೆ ಚಕ್ರಕ್ಕೆ ತಾಗಿಯೂ ತಾಗದಂತೆ ನಿಲ್ಲಿಸಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಅರ್ಧ ಚಕ್ರಕ್ಕೆ ಕಪ್ಪು ಗೆರೆ ಬಿತ್ತು. ಮುದ್ರೆಯಿದ್ದ ಇನ್ನರ್ಧ ಸ್ವಚ್ಛ ಉಳಿಯಿತು. ಚಕ್ರ ಒಂದು ಕಡೆ ವಾಲಿ ಕುಣಿಯುತ್ತಿತ್ತು.

"ಆಯ್ತಲ್ಲ" ಎಂದ ನೋಡುತ್ತ ನಿಂತಿದ್ದ ಮೋನಪ್ಪ. "ಚಕ್ರನ ಸೊಟ್ಟ. ಬಡದ ಹೋಗ್ಯಾನ."

ಅಂಬ್ರಪ್ಪ ಕೈಚೆಲ್ಲಿ ಕೂತ. ಕೂತಾಗ ಬಹಳ ಹಿಂದೆ ವಹಾಬ ಅಂದ ಮಾತೊಂದು ನೆನಪಾಯಿತು: "ಚಕ್ರ ಕುಣದ್ರ ಚಕ್ರಾ ಬೈಬ್ಯಾಡ ಅಂಬ್ರ್ಯಾ. ಮೊದಲ ಅದು ಕುಂತ ಜಾಗಾ ನೋಡು."

ವಹಾಬ ಹೋದ ಮೇಲೆ ಚಕ್ರವನ್ನು ಯಾರೂ ಬಿಚ್ಚಿರಲಿಲ್ಲ. ಬಡಿಯುವವನೇ ಇಲ್ಲದ ಮೇಲೆ ಬಿಚ್ಚಿ ಏನು ಮಾಡುವುದು? ಈಗ ಮಿಲ್ಲಿನ ನಾಲ್ಕು ಆಳು ಸೇರಿ ನಟ್ಟು ತೆಗೆದು, ಬಿಲ್ಲೆ ಸರಿಸಿ, ಚಕ್ರವನ್ನು ಇಳಿಸಿ ಕಲ್ಲಿನ ಮೇಲೆ ಮಲಗಿಸಿದರು. ಮೋನಪ್ಪನ ನೇರ ಪಟ್ಟಿಯನ್ನು ಅದರ ಮೇಲೆ ಅಡ್ಡ ಇಟ್ಟು ಅಂಬ್ರಪ್ಪ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಪಟ್ಟಿಯ ಕೆಳಗೆ ಎಲ್ಲಿಯೂ ಬೆಳಕು ನುಸುಳಲಿಲ್ಲ. ವಹಾಬ ಬಡಿದಿಟ್ಟ ಚಕ್ರ ಹೇಗಿತ್ತೋ ಹಾಗೇ ಇತ್ತು.

ಆಮೇಲೆ ಅವನು ಬಿಲ್ಲೆಯ ಮುಖ ನೋಡಿದ.

ಒಂದು ಕಡೆ, ಮುದ್ರೆ ಬರುವ ಕಡೆಯೇ, ಕಪ್ಪು ಹೆಕ್ಕಳೆಯೊಂದು ಕಲ್ಲಿನ ಹಾಗೆ ಅಂಟಿತ್ತು. ಉಗುರಿನಿಂದ ಕೆರೆದ. ಕಪ್ಪಿನ ಕೆಳಗೆ ಹಳದಿ. ಚಾಕುವಿನ ತುದಿಯಿಂದ ಎಬ್ಬಿಸಿದಾಗ ಅದು ಎಳೆ ಎಳೆಯಾಗಿ ಎದ್ದಿತು. ದಾರ. ಎಣ್ಣೆ, ಅರಿಷಿಣ, ಕುಂಕುಮದಲ್ಲಿ ಬೆಂದು ಚಪ್ಪಟೆಯಾದ ದಾರ. ಗಂಟಿನ ಮೇಲೆ ಗಂಟು. ಬಿಲ್ಲೆಯ ಬಳಿ ಉಗುರಿನಷ್ಟು ಎದ್ದರೆ ಹಲ್ಲಿನ ಬಳಿ ಬೆರಳಿನಷ್ಟು ಓಲಾಟ. ಚಕ್ರ ತಿಂದಿರಲಿಲ್ಲ. ದೇವರಿಗೂ ಸಂದಿರಲಿಲ್ಲ.

ಅವನು ಕುರಿ ಎಣಿಸಿದ ಹಾಗೆ ಎಣಿಸಿದ. ಹದಿನಾರು. ಆ ಮಹಾನವಮಿ ಅಮಾವಾಸ್ಯೆಯಿಂದ ಈ ಎಳ್ಳ ಅಮಾವಾಸ್ಯೆಯವರೆಗೆ ಬಂದ ಅಮಾವಾಸ್ಯೆಗಳೂ ಹದಿನಾರು. ಹಾಗಾದರೆ ಅದಕ್ಕೂ ಮುಂಚಿನ ಹದಿನಾಲ್ಕು ವರ್ಷದ ದಾರ ಎಲ್ಲಿ ಹೋದವು? ಆ ಬೆಳಗು ಕಣ್ಣ ಮುಂದೆ ಬಂತು. ಪಾನಾ, ಗ್ಯಾಸೆಣ್ಣೆಯ ಅರಿವೆ, ಸಡಿಲಾದ ನಟ್ಟು. ಅಂಬ್ರಪ್ಪ ಹದಿನಾರನ್ನೂ ಒಂದೊಂದಾಗಿ ಬಿಡಿಸಿ ಅಂಗವಸ್ತ್ರದ ತುದಿಯಲ್ಲಿ ಕಟ್ಟಿಕೊಂಡ.

ಒರೆಸಿ, ಚಕ್ರ ಏರಿಸಿ, ಎಂಜಿನ್ನು ಹಚ್ಚಿದರು. ಬಲ್ಲಾರಶಾದಿಂದ ಬಂದ ಸಾಗವಾನಿ ದಿಮ್ಮಿಯೊಳಗೆ ಚಕ್ರ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಮೋನಪ್ಪ ಹಲಗೆಯ ಎರಡೂ ತುದಿ ಅಳೆದು ತಲೆಯಾಡಿಸಿದ. ಭಗವಂತರಾಯರು ಅಂಬ್ರಪ್ಪನ ಬೆನ್ನು ತಟ್ಟಿದರು. ಅಂಬ್ರಪ್ಪ ಅವರನ್ನು ಪಕ್ಕಕ್ಕೆ ಕರೆದು, ಅಂಗವಸ್ತ್ರದ ಚುಂಗು ಬಿಚ್ಚಿ ಹದಿನಾರು ದಾರಗಳನ್ನು ತೋರಿಸಿದ.

"ವಹಾಬಣ್ಣಂದಲ್ರಿ ಸಾವಕಾರ್ರ. ತಪ್ಪ ನಂದು. ಅಂವ ಇದನ್ನ ತಗ್ಯಾಕತ್ತಿದ್ದ ಅವತ್ತ. ನಾ ಬಂದು ಕೆಡಿಸಿದೆ."

ಭಗವಂತರಾಯರ ಮುಖ ಸಣ್ಣಗಾಯಿತು. ಸುತ್ತ ನೋಡಿದರು. "ಮುಚ್ಚು ಅದನ್ನ. ಪೂಜಾದಿಂದ ಮಿಲ್ಲ ಕೆಟ್ಟಿತು ಅಂದ್ರ ಮಂದಿ ಏನಂದಾರು? ಅದೂ ಒಬ್ಬ ಸಾಬ ಸುದ್ದ ಮಾಡ್ತಿದ್ದ ಅಂತ? ಹೊಟ್ಟಿಯಾಗ ಹಾಕ್ಕೋ."

"ಮಾತ ಕೊಟ್ಟಿದ್ರಿ. ವಹಾಬನ್ನ ಕರಸ್ತೀನಿ ಅಂದಿದ್ರಿ."

"ಕೊಟ್ಟಿದ್ದೆ. ಚಕ್ರ ಕೆಟ್ಟಿತ್ತು, ಅದಕ್ಕ ಕೊಟ್ಟಿದ್ದೆ" ಎಂದು ಅವರು ಮೆಲ್ಲಗೆ, ಬಹುಶಃ ನಾಚಿಕೆಯಿಂದಲೇ, ಅಂದರು. "ಈಗ ನೆಟ್ಟಗ ಕೊಯ್ಯಾಕತ್ತದಲ್ಲ. ಮತ್ತ ಅಂವ ಯಾಕ ಬೇಕು?"

ಮರುದಿನ ಅಂಬ್ರಪ್ಪ ಭೀಮಾ ದಾಟಿ ಶಹಾಪುರಕ್ಕೆ ಹೋದ. ಸಂತೆಯ ಅಂಚಿನಲ್ಲಿ, ಬೇವಿನ ಬುಡದಲ್ಲಿ ವಹಾಬ ಕಾಲಿನಿಂದ ಸಾಣೆಕಲ್ಲು ತುಳಿಯುತ್ತ ಕುಡುಗೋಲು ಹದ ಮಾಡುತ್ತಿದ್ದ. ಎದೆಯೆತ್ತರದ ಚಕ್ರವನ್ನು ಆಳಿದವನ ಮುಂದೆ ಈಗ ಗೇಣುದ್ದದ ಕಲ್ಲಿತ್ತು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿ ನಕ್ಕ.

"ಬಾರೋ ಕುರುಬ. ಕುರಿ ಕಳಕೊಂಡ ಬಂದಿಯೇನು?"

ಅಂಬ್ರಪ್ಪ ಎದುರಿಗೆ ಬಂದ. ಕೂತು, ಚುಂಗು ಬಿಚ್ಚಿ ಮುಂದಿಟ್ಟ. ವಹಾಬ ಕಲ್ಲು ನಿಲ್ಲಿಸಿದ. ದಾರಗಳನ್ನು ಮಡಚಲಾರದ ಬೆರಳಿನಿಂದ ಒಂದಿಷ್ಟು ಸರಿಸಿದ.

"ಎಷ್ಟವ?"

"ಹದಿನಾರು."

"ಹದಿನಾರಾ! ನಾ ನೂರಾ ಎಪ್ಪತ್ತರ ಮ್ಯಾಲ ತಗದೀನಿ ಮಾರಾಯಾ."

"ಒಂದ ಮಾತ ಯಾಕ ಹೇಳಲಿಲ್ಲ ವಹಾಬಣ್ಣ?"

"ಮೊದಲನೇ ವರ್ಷ ಹೇಳಾಕ ಬಂದಿದ್ದೆ. ನೀ ಯಂಕಣ್ಣನ ಬೆರಳ ಸುದ್ದಿ ತಗದಿ. ಕಣ್ಣಾಗ ನೀರ ಇದ್ವು ನಿನಗ. ನಿಮ್ಮ ದೇವರ ದಾರ ತಪ್ಪು ಅಂತ ನಾ ಹ್ಯಾಂಗ ಹೇಳಲಿ? ತಗದ್ರ ಆತು, ಇಬ್ಬರದೂ ನಡೀತದ ಅಂದ್ಕೊಂಡೆ." ಕುಡುಗೋಲನ್ನು ತಿರುವಿ ಹಿಡಿದು ಅಂದ, "ಕಡೀ ದಿನ ಹೇಳಬೇಕಂತಿದ್ದೆ. ಆ ನಾಕ ಮಂದಿ ಮುಂದ ಆ ಮಾತ ಹೇಳಿದ್ರ ಎರಡ ಬೆರಳಿಗಿ ಮುಗೀತಿರಲಿಲ್ಲ."

"ಅವುನ್ನೆಲ್ಲ ಎಲ್ಲಿ ಒಗದಿ?"

"ಒಗೀಲಿ ಹ್ಯಾಂಗ? ದೇವರವಲ್ಲ! ಎಂಜಿನ್ ಕಡೀ, ಗರಗಸದ ಚೌಕಟ್ಟಿನ ಹಿಂದಿನ ಕಾಲಿಗೆ ಕಟ್ಟೀನಿ, ಹೊಟ್ಟಿನ ಬುಡಕ. ಹೋಗಿ ನೋಡು."

ಅಂಬ್ರಪ್ಪ ನೆಲ ನೋಡುತ್ತ ಅಂದ, "ಅವತ್ತ ನಿನ್ನ ಹೆಸರ ಹೇಳಿದಾಂವ ನಾನ. ನೀ ಕೇಳಿದಿ ನಿನ್ನ ಕಿವಿಯಿಂದ."

"ಕೇಳೀನಿ."

"ನಿನಗ ಕೇಡ ಆಗಲಿ ಅಂತ ಹೇಳಿದ್ದಲ್ಲ."

"ಅದೂ ಗೊತ್ತದ" ಎಂದ ವಹಾಬ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ. ಕುಡುಗೋಲಿನ ಅಂಚಿಗೆ ಹೆಬ್ಬೆರಳು ಸವರಿ ನೋಡಿದ. ಆಮೇಲೆ ತಡೆಯಲಾರದೆ ಕೇಳಿದ, "ಈಗ ನೆಟ್ಟಗ ಕೊಯ್ತದೇನು?"

"ಬೆಣ್ಣಿ ಕೊಯ್ದಾಂಗ. ನೀ ಬಡದ ಚಕ್ರ, ಒಂದ ಕೂದಲ ಎಳಿ ಸರದಿಲ್ಲ."

ವಹಾಬನ ಮುಖ ಬೆಳಗಿತು. ಹಳೆಯ ವಹಾಬ, ಚಕ್ರದ ಮೇಲೆ ಬಗ್ಗಿದ ವಹಾಬ, ಒಂದು ಗಳಿಗೆ ಅಲ್ಲಿದ್ದ. ಆಮೇಲೆ ಆ ಬೆಳಕು ತಾನಾಗಿಯೇ ಇಳಿಯಿತು.

"ಹಂಗಾರ ನನ್ನ ಕರಿಯಾಂಗಿಲ್ಲ ಅವರು" ಎಂದು ಕಲ್ಲು ತುಳಿಯತೊಡಗಿದ. ಕಿಡಿ ಹಾರಿತು. "ನೀ ಇನ್ನೂ ಎರಡ ವರ್ಷ ಹುಡಕಬೇಕಾಗಿತ್ತಲ್ಲೋ ಅಂಬ್ರ್ಯಾ."

ಅದು ತಮಾಷೆಯೋ ಅಲ್ಲವೋ ಅಂಬ್ರಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ.

ಯಾದಗಿರಿಗೆ ಬಂದವನು ನೇರ ಮಿಲ್ಲಿಗೆ ಹೋಗಿ, ಹಿಂದಿನ ಕಾಲಿನ ಬುಡದ ಮರದ ಹೊಟ್ಟನ್ನು ಎರಡೂ ಕೈಯಿಂದ ಬಗೆದ. ಅಲ್ಲಿತ್ತು. ತೆಂಗಿನಕಾಯಿ ಗಾತ್ರದ ದಾರದ ಉಂಡೆ. ಒಂದೊಂದನ್ನೂ ಸುತ್ತಿ, ಗಂಟು ಹಾಕಿ, ಮೇಲಿನವಕ್ಕೆ ಇನ್ನೂ ಹಳದಿ ಬಣ್ಣ ಉಳಿದಂತೆ ಕಟ್ಟಿದ್ದ. ಅಂಬ್ರಪ್ಪ ತನ್ನ ಹದಿನಾರನ್ನೂ ಅದಕ್ಕೆ ಕಟ್ಟಿ ಹೊಟ್ಟು ಮುಚ್ಚಿದ.

ಬಡಿಗ ಮೋನಪ್ಪನಿಗೆ ಅವನು ನಿಜ ಹೇಳಿದ. ಮೋನಪ್ಪ ನಕ್ಕುಬಿಟ್ಟ. "ದಾರದಿಂದ ಚಕ್ರ ಸೊಟ್ಟ ಆಗ್ತದೇನೋ ಹುಚ್ಚಾ? ಸಾಬನ ಮ್ಯಾಲ ನಿನಗ ಮೊದಲಿಂದ ಮಾಯಾ ಜಾಸ್ತಿ." ಇನ್ನಿಬ್ಬರಿಗೆ ಹೇಳಿದ. ಅವರೂ ಹಾಗೇ ಅಂದರು. ಆಮೇಲೆ ಅವನು ಹೇಳುವುದನ್ನು ಬಿಟ್ಟ. ಪೂಜೆ ಬಿಡಲು ಭಗವಂತರಾಯರು ಒಪ್ಪಲಿಲ್ಲ. ದಾರ ಎಲ್ಲರೆದುರು ಬಿಲ್ಲೆಯ ನಡುವೆಯೇ ಹೋಗಬೇಕು, ಇಷ್ಟು ದಿನ ನಡೆದದ್ದು ನಿಂತರೆ ಆಳುಗಳು ಅಂಜುತ್ತಾರೆ ಎಂದರು. ಹಾಗೆಯೇ ಹೋಯಿತು. ಪ್ರತಿ ಅಮಾವಾಸ್ಯೆಯ ಮರುದಿನ ಅಂಬ್ರಪ್ಪ ಎಲ್ಲರಿಗಿಂತ ಮೊದಲು ಬಂದು, ನಟ್ಟು ಸಡಿಲಿಸಿ, ದಾರ ಎಳೆದು, ಗ್ಯಾಸೆಣ್ಣೆಯ ಅರಿವೆಯಿಂದ ಒರೆಸಿ, ಹಿಂದಿನ ಕಾಲಿಗೆ ಕಟ್ಟುತ್ತಿದ್ದ.

ಯಾದಗಿರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಗುರುಮಠಕಲ್ಲಿನ ಕಡೆಯಿಂದ ಸಾಬಣ್ಣನೆಂಬ ಹೊಸ ಆಳು ಬಂದ. ಅವನಿಗೆ ಮಿಲ್ಲಿನ ಕತೆಯನ್ನು ಬೇರೆಯವರು ಆಗಲೇ ಹೇಳಿಯಾಗಿತ್ತು. ಒಬ್ಬ ಸಾಬ ಚಕ್ರ ಕೆಡಿಸಿ ಹೋದದ್ದು, ಅಂಬ್ರಪ್ಪ ಅದನ್ನು ಸುದ್ದ ಮಾಡಿದ್ದು. ಒಂದು ಬೆಳಿಗ್ಗೆ ಸಾಬಣ್ಣ ಎಂದಿಗಿಂತ ಬೇಗ ಬಂದ. ಅಂಬ್ರಪ್ಪ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಪಾನಾ. ನಟ್ಟು ಸಡಿಲಾಗಿತ್ತು. ಕಿವುಡ ಕಿವಿಯ ಕಡೆಯಿಂದ ಬಂದದ್ದರಿಂದ ಹೆಜ್ಜೆಯ ಸಪ್ಪಳ ಅವನಿಗೆ ಕೇಳಿರಲಿಲ್ಲ.

"ಏನ ಮಾಡಾಕತ್ತೀರಿ ಕಾಕಾ, ಇಷ್ಟ ಲಗೂನ?"

ಅಂಬ್ರಪ್ಪ ಬೆಚ್ಚಿದ. ಬಾಯಿಗೆ ಬಂದ ಮಾತು ಬಂದುಬಿಟ್ಟಿತು.

"ಎಣ್ಣಿ ಬಿಡಾಕತ್ತೀನಿ."

"ಹೌದ್ರಿ?" ಎಂದ ಸಾಬಣ್ಣ. ಆಕಳಿಸಿ, ಬೀಡಿ ಹಚ್ಚಿಕೊಂಡು, ದಿಮ್ಮಿ ಉರುಳಿಸಲು ಆಚೆ ಹೋದ.